ನಲವತ್ತು ಮಾರು ಆಳದ ಬಿಳಿ ಮರಳು ನಮ್ಮ ದಡದ್ದೇ?

ಓದುಗರ ಪ್ರಶ್ನೆ: ನಮ್ಮ ಮನೆ ಉಡುಪಿ ಜಿಲ್ಲೆಯಲ್ಲಿ, ಒಂದು ಕಡೆ ಹೊಳೆ ಮತ್ತೊಂದು ಕಡೆ ಕಡಲು ಇರುವ ಕಿರಿದಾದ ಮರಳುಪಟ್ಟಿಯ ಮೇಲಿದೆ. ಅಣ್ಣ ಟ್ರಾಲ್ ಬೋಟಿನಲ್ಲಿ ದುಡಿಯುತ್ತಾನೆ. ಹತ್ತಿಪ್ಪತ್ತು ಮಾರು ಆಳದಲ್ಲಿ ಬಲೆಗೆ ಬರೀ ಹಸಿರುಗಪ್ಪು ಕೆಸರು ಹತ್ತುತ್ತದೆ, ನಲವತ್ತು ಮಾರು ದಾಟಿದ ಮೇಲೆ ಬಿಳಿ ಮರಳು, ಸವೆದ ಚಿಪ್ಪು, ಹವಳದ ತುಂಡು, ಕೆಲವೆಡೆ ಬಲೆ ಹರಿಯುವ ಕಲ್ಲು ಸಿಗುತ್ತದೆ ಎನ್ನುತ್ತಾನೆ. ದೂರ ಹೋದಷ್ಟೂ ಕೆಸರೇ ಹೆಚ್ಚಬೇಕಲ್ಲವೇ? ಮಳೆಗಾಲದಲ್ಲಿ ನಮ್ಮ ದಡದಿಂದ ಹೋದ ಮರಳೇ ಅಲ್ಲಿ ಗುಡ್ಡೆ ಬಿದ್ದಿದೆ ಎಂದು ಊರಿನವರ ನಂಬಿಕೆ. ಪರಶುರಾಮ ಪಡೆದ ನೆಲವನ್ನು ಕಡಲು ವಾಪಸು ಕೇಳುತ್ತಿದೆ ಎಂದು ಹಿರಿಯರು ಹೇಳುತ್ತಾರೆ. ಸಮುದ್ರಮಟ್ಟ ಏರಿದರೆ ಆ ಮರಳು ತಾನಾಗಿ ದಡಕ್ಕೆ ಬರುವುದೇ? ಇಲ್ಲವಾದರೆ ಡ್ರೆಜ್ಜರ್‌ನಿಂದ ತಂದು ಸುರಿಯಬಹುದೇ? ಕಲ್ಲಿನ ತಡೆಗೋಡೆ ಕೇಳುವ ಮನವಿಯೊಂದು ಪಂಚಾಯಿತಿಯಲ್ಲಿ ಸಿದ್ಧವಾಗುತ್ತಿದೆ. ನಾನು ಸಹಿ ಹಾಕಬೇಕೇ?

ಉತ್ತರ: ನೀವು ಕೇಳಿರುವ ಪ್ರಶ್ನೆಗಳು ಹಲವಾದರೂ ಅವುಗಳ ಹಿಂದಿರುವ ಆತಂಕ ಒಂದೇ. ದಡದಿಂದ ಹೋದ ಮರಳು ಎಲ್ಲಿದೆ, ಅದು ಮತ್ತೆ ನಿಮ್ಮ ಕೈಗೆ ಸಿಗುತ್ತದೆಯೇ ಎಂಬುದನ್ನು ತಿಳಿಯಬಯಸುತ್ತೀರಿ. ಮೊದಲಿಗೆ ನೇರ ಉತ್ತರ ಕೊಡುತ್ತೇನೆ. ನಿಮ್ಮ ಅಣ್ಣನ ಬಲೆಗೆ ನಲವತ್ತು ಮಾರಿನಲ್ಲಿ, ಅಂದರೆ ಸುಮಾರು 70 ಮೀಟರ್ ಆಳದಲ್ಲಿ ಸಿಗುವ ಬಿಳಿ ಮರಳು ನಿಮ್ಮ ದಡದಿಂದ ಹೋದದ್ದಲ್ಲ. ಅದು ಸಾವಿರಾರು ವರ್ಷಗಳಿಂದ ಅಲ್ಲಿಯೇ ಇದೆ, ಅಲ್ಲಿಂದ ತಾನಾಗಿ ದಡಕ್ಕೆ ಬರುವುದೂ ಇಲ್ಲ. ನಿಮ್ಮ ದಡದಿಂದ ಪ್ರತಿ ಮುಂಗಾರಿನಲ್ಲಿ ಹೋಗುವ ಮರಳು ಹೆಚ್ಚಾಗಿ ದಡದಿಂದ ಕೆಲವು ನೂರು ಮೀಟರ್ ದೂರದಲ್ಲಿ, ಹತ್ತು ಮೀಟರಿಗಿಂತ ಕಡಿಮೆ ಆಳದಲ್ಲಿ ಇರುತ್ತದೆ. ಈ ಎರಡು ಮರಳುಗಳನ್ನು ಒಂದೇ ಎಂದು ಭಾವಿಸಿದರೆ ಮುಂದಿನ ಎಲ್ಲ ತೀರ್ಮಾನಗಳೂ ತಪ್ಪುತ್ತವೆ.

ಕಡಲೊಳಗೆ ಹೋದಂತೆ ಕಣಗಳು ಸಣ್ಣದಾಗಬೇಕು ಎಂಬ ನಿಮ್ಮ ಊಹೆಯಲ್ಲಿ ತರ್ಕವಿದೆ. ಅಲೆಗಳ ಬಲ ದಡದ ಬಳಿ ಹೆಚ್ಚು, ಆಳದಲ್ಲಿ ಕಡಿಮೆ. ಆದ್ದರಿಂದ ದಪ್ಪ ಮರಳು ದಡದಲ್ಲಿ ಉಳಿದು ನಯವಾದ ಕೆಸರು ದೂರದ ಆಳಕ್ಕೆ ಹೋಗಿ ಕೂರಬೇಕು. ಒಂದು ಕಾಲದ ಭೂವಿಜ್ಞಾನದ ಪಠ್ಯಗಳೂ ಹಾಗೆಯೇ ಹೇಳುತ್ತಿದ್ದವು. ಆದರೆ ಸಮುದ್ರತಳದ ಮಾದರಿಗಳು ಹೆಚ್ಚು ಹೆಚ್ಚು ಸಿಗತೊಡಗಿದಂತೆ ಈ ಚಿತ್ರ ಒಡೆದುಹೋಯಿತು. ಖಂಡಾವರಣ ಪ್ರದೇಶ, ಅಂದರೆ ದಡದಿಂದ ಆರಂಭಿಸಿ ತಳ ಒಮ್ಮೆಲೆ ಕಡಿದಾಗಿ ಇಳಿಯುವ ತನಕದ ಆ ಸಮತಟ್ಟಾದ ಹರವು, ಅನೇಕ ಕಡೆ ಹೊರಅಂಚಿನಲ್ಲೇ ದಪ್ಪ ಮರಳನ್ನು ಹೊತ್ತಿರುವುದು ಕಂಡುಬಂತು. ಜಗತ್ತಿನ ಖಂಡಾವರಣ ಪ್ರದೇಶಗಳ ಸುಮಾರು 70 ಪ್ರತಿಶತ ಭಾಗದಲ್ಲಿ ಇರುವುದು ಈಗಿನ ಕಡಲು ತಂದು ಹಾಕಿದ ನಿಕ್ಷೇಪವಲ್ಲ, ಹಿಂದೆ ಬೇರೆ ಪರಿಸ್ಥಿತಿಯಲ್ಲಿ ಉಂಟಾಗಿ ಹಾಗೆಯೇ ಉಳಿದುಹೋದದ್ದು ಎಂದು ಅಮೆರಿಕದ ಸಾಗರ ಭೂವಿಜ್ಞಾನಿ ಕೆ.ಒ. ಎಮರಿ 1968ರಲ್ಲಿ ಅಂದಾಜಿಸಿದರು. ಆ ಹಳೆಯ ಮರಳೂ ಪೂರ್ತಿ ನಿಶ್ಚಲವಾಗಿಲ್ಲ, ಬಿರುಗಾಳಿಯ ಅಲೆಗಳು, ತಳದಲ್ಲಿ ಬಿಲ ತೋಡುವ ಜೀವಿಗಳು ಅದನ್ನು ಆಗಾಗ ಕದಡುತ್ತಲೇ ಇರುತ್ತವೆ ಎಂದು ನಂತರದವರು ತಿದ್ದಿದರು. ಟ್ರಾಲ್ ಬಲೆಯನ್ನೂ ಈ ಪಟ್ಟಿಗೆ ಸೇರಿಸಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಮೂಲ ಮಾತು ನಿಂತಿದೆ, ಮತ್ತು ನಮ್ಮ ಪಶ್ಚಿಮ ಕರಾವಳಿ ಅದಕ್ಕೆ ಒಳ್ಳೆಯ ಉದಾಹರಣೆ.

ಈ ಹರವು ದಮನ್ ಎದುರು 300 ಕಿ.ಮೀ.ಗೂ ಅಗಲ, ಕೊಚ್ಚಿಯ ಎದುರು 60 ಕಿ.ಮೀ. ಆಸುಪಾಸು, ಕರ್ನಾಟಕದ ಎದುರಿನದು ಇವೆರಡರ ನಡುವಿನದು. ಇದರ ಉದ್ದಕ್ಕೂ ಸ್ಥೂಲವಾಗಿ ಒಂದೇ ನಮೂನೆ ಕಾಣುತ್ತದೆ. ದಡದ ಬಳಿ ಮರಳಿನ ಕಿರಿದಾದ ಅಂಚು, ಅದರಾಚೆ ಸುಮಾರು 50 ಮೀಟರ್ ಆಳದ ತನಕ ಕೆಸರಿನ ಪಟ್ಟಿ, ಅಲ್ಲಿಂದ ಹೊರಅಂಚಿನವರೆಗೆ ಸುಣ್ಣದ ಮರಳು, ಚಿಪ್ಪು, ಗಟ್ಟಿಯಾದ ಸುಣ್ಣಗಲ್ಲು. ನಿಮ್ಮ ಅಣ್ಣ ಬಲೆ ಎಳೆದು ತಿಳಿದದ್ದನ್ನೇ ಸಂಶೋಧನಾ ಹಡಗುಗಳು ಮಾದರಿ ತೆಗೆದು ತಿಳಿದಿವೆ.

ಇದಕ್ಕೆ ಕಾರಣ ಹಿಮಯುಗದ ಕೊನೆಯ ಕಥೆಯಲ್ಲಿದೆ. ಸುಮಾರು 21,000 ವರ್ಷಗಳ ಹಿಂದೆ ಉತ್ತರ ಅಮೆರಿಕ ಮತ್ತು ಯುರೋಪಿನ ಮೇಲೆ ಕಿಲೋಮೀಟರುಗಟ್ಟಲೆ ದಪ್ಪದ ಮಂಜುಗಡ್ಡೆ ಕೂತಿದ್ದಾಗ ಸಾಗರದ ನೀರಿನ ಒಂದು ಭಾಗ ಅಲ್ಲಿ ಸಿಕ್ಕಿಹಾಕಿಕೊಂಡಿತ್ತು. ಸಮುದ್ರಮಟ್ಟ ಆಗ ಇಂದಿಗಿಂತ 120ರಿಂದ 130 ಮೀಟರ್ ಕೆಳಗಿತ್ತು. ಇಂದಿನ ಖಂಡಾವರಣ ಪ್ರದೇಶ ಬಹುಪಾಲು ಬಯಲಾಗಿತ್ತು. ನೇತ್ರಾವತಿ, ಶರಾವತಿ, ಕಾಳಿ ನದಿಗಳು ಈಗಿನ ಅಳಿವೆಗಳನ್ನು ದಾಟಿ ಆ ಬಯಲಿನ ಮೇಲೆ ಹರಿದು ಬಹು ದೂರ ಹೋಗಿ ಕಡಲು ಸೇರಬೇಕಿತ್ತು. ಮಂಜುಗಡ್ಡೆ ಕರಗತೊಡಗಿದಾಗ ಕಡಲು ಏರಿತು, ಆದರೆ ಒಂದೇ ವೇಗದಲ್ಲಿ ಅಲ್ಲ. ಸುಮಾರು 14,600 ವರ್ಷಗಳ ಹಿಂದೆ ಐದು ಶತಮಾನಕ್ಕಿಂತ ಕಡಿಮೆ ಅವಧಿಯಲ್ಲಿ ಸುಮಾರು ಹದಿನಾರು ಮೀಟರ್ ಏರಿತು. ಬಳಿಕ ನಿಧಾನವಾಯಿತು, ಮತ್ತೆ ಚುರುಕಾಯಿತು. ಸುಮಾರು 7,000 ವರ್ಷಗಳ ಹಿಂದೆ ಇಂದಿನ ಮಟ್ಟದ ಹತ್ತಿರ ಬಂದು ಹೆಚ್ಚುಕಡಿಮೆ ನಿಂತಿತು.

ಕಡಲು ಏರುವುದೆಂದರೆ ತೊಟ್ಟಿಯಲ್ಲಿ ನೀರು ತುಂಬಿದ ಹಾಗೆ ಸುಮ್ಮನೆ ಮೇಲೇಳುವುದಲ್ಲ. ಅಲೆ ಒಡೆಯುವ ಸಾಲು, ಅಂದರೆ ಕಡಲಿನ ಶಕ್ತಿಯೆಲ್ಲ ಖರ್ಚಾಗುವ ಆ ಕಿರಿದಾದ ಪಟ್ಟಿ, ನೆಲದ ಮೇಲೆ ಹಂತಹಂತವಾಗಿ ಒಳನಾಡಿನತ್ತ ಸರಿಯುತ್ತ ಹೋಗುತ್ತದೆ. ಅದು ಹಾದುಹೋದ ಕಡೆಯಲ್ಲೆಲ್ಲ ಮೇಲಿನ ಮಣ್ಣನ್ನು ಕೆತ್ತಿ, ಸಣ್ಣ ಕಣಗಳನ್ನು ಎತ್ತಿ ಒಯ್ದು, ಮೊರದಲ್ಲಿ ಕೇರಿದ ಹಾಗೆ ದಪ್ಪ ಮರಳು, ಚಿಪ್ಪು, ನೊರಜುಗಲ್ಲುಗಳನ್ನು ಹಿಂದೆ ಬಿಟ್ಟುಹೋಗುತ್ತದೆ. ಹೀಗೆ ಕೆತ್ತಿದ ಮೇಲ್ಮೈ ಮತ್ತು ಅದರ ಮೇಲಿನ ತೆಳ್ಳನೆಯ ಚಿಪ್ಪು-ಮರಳಿನ ಪದರ ಏರುಕಡಲು ಬಿಟ್ಟುಹೋಗುವ ಗುರುತು. ಅದೇ ವೇಳೆ ನದಿಗಳ ಹಳೆಯ ಕಣಿವೆಗಳಿಗೆ ಉಪ್ಪುನೀರು ನುಗ್ಗಿ ಅವು ಅಳಿವೆಗಳಾಗುತ್ತವೆ. ನದಿ ತಂದ ಮರಳು ಅಳಿವೆಯ ಬಾಯಿ ದಾಟಿ ಕಡಲು ಸೇರುವುದರ ಬದಲು ಆ ಹೊಸ ಆಳವನ್ನು ತುಂಬುವುದರಲ್ಲೇ ಮುಗಿದುಹೋಗುತ್ತದೆ. ಹಿಂದೆ ಬಿಟ್ಟ ಮರಳಿಗೆ ಹೊಸ ಪೂರೈಕೆ ಇಲ್ಲ, ಅದನ್ನು ಮುಚ್ಚಲು ಹೊಸ ಕೆಸರೂ ಅಷ್ಟು ದೂರ ಬರುವುದಿಲ್ಲ. ಅದು ಹಾಗೆಯೇ ಉಳಿಯುತ್ತದೆ.

ನಿಮ್ಮ ಅಣ್ಣನಿಗೆ ಸಿಗುವ ಬಿಳಿ ಮರಳನ್ನು ಒಮ್ಮೆ ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಗಡಿಯಾರ ರಿಪೇರಿಯವರ ಬಳಿ ಇರುವಂಥ ಭೂತಗನ್ನಡಿಯಲ್ಲಿ ನೋಡಿ. ಅದರಲ್ಲಿ ಕಾಲು ಮಿಲಿಮೀಟರಿನಿಂದ ಅರ್ಧ ಮಿಲಿಮೀಟರ್ ಗಾತ್ರದ, ನುಣುಪಾದ, ಬೆಣ್ಣೆಬಿಳುಪಿನ ದುಂಡು ಕಾಳುಗಳು ಕಂಡರೆ ಅವು ಓಲೈಟ್ ಕಾಳುಗಳಿರಬಹುದು. ಒಂದು ಕಾಳನ್ನು ಸೀಳಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ನಡುವೆ ಒಂದು ಚಿಪ್ಪಿನ ಚೂರು ಅಥವಾ ಮರಳ ಕಣ, ಅದರ ಸುತ್ತ ಒಂದರ ಮೇಲೊಂದು ಸುಣ್ಣದ ಸುತ್ತುಗಳು ಕಾಣುತ್ತವೆ. ಇಂಥ ಕಾಳು ಆಳದ ನೀರಿನಲ್ಲಿ ಹುಟ್ಟುವುದಿಲ್ಲ. ಬೆಚ್ಚಗಿನ, ತಿಳಿಯಾದ, ಸುಣ್ಣ ಹೇರಳವಾಗಿರುವ ನೀರಿನಲ್ಲಿ, ಅದೂ ಅಲೆ ಅದನ್ನು ಸದಾ ಉರುಳಿಸುವಂಥ ಕೆಲವೇ ಮೀಟರ್ ಆಳದಲ್ಲಿ ಅದು ಬೆಳೆಯುತ್ತದೆ. ಪಶ್ಚಿಮ ಖಂಡಾವರಣದ ಹೊರಭಾಗದಲ್ಲಿ 60 ಮೀಟರಿಗಿಂತ ಆಳದಲ್ಲೂ ಓಲೈಟ್ ಸಿಕ್ಕಿದೆ, ರೇಡಿಯೋ ಕಾರ್ಬನ್ ವಿಧಾನದಲ್ಲಿ ಅದರ ವಯಸ್ಸು ಹೆಚ್ಚಾಗಿ ಹತ್ತು ಸಾವಿರ ವರ್ಷಗಳ ಆಸುಪಾಸು ಬರುತ್ತದೆ. ಎಂದರೆ ಆಗಿನ ದಡ ಅಲ್ಲಿತ್ತು. ಹಿಮಯುಗದಲ್ಲಿ ಮುಂಗಾರು ದುರ್ಬಲವಾಗಿದ್ದು ನದಿಗಳು ಕೆಸರು ತರುವುದು ಕಡಿಮೆಯಾಗಿತ್ತು, ಆದ್ದರಿಂದಲೇ ನೀರು ಸುಣ್ಣದ ಕಾಳು ಬೆಳೆಯುವಷ್ಟು ತಿಳಿಯಾಗಿತ್ತು. ಮುಂಗಾರು ಬಲಗೊಂಡು ನೀರೂ ಆಳವಾದ ಮೇಲೆ ಈ ಕಾರ್ಖಾನೆ ಮುಚ್ಚಿತು. ನಿಮ್ಮ ದಡದ ಮರಳು ಬಹುಪಾಲು ಘಟ್ಟದ ಬಂಡೆಗಳಿಂದ ಸವೆದು ಬಂದ ಬೆಣಚುಕಲ್ಲಿನ ಕಣ. ಒಂದು ಚಿಟಿಕೆಯ ಮೇಲೆ ನಿಂಬೆರಸಕ್ಕಿಂತ ತುಸು ಬಲವಾದ ಆಮ್ಲ ಹಾಕಿದರೆ ಬಿಳಿ ಮರಳು ನೊರೆಯುಕ್ಕುತ್ತದೆ, ದಡದ ಮರಳು ಚಿಪ್ಪಿನ ಚೂರುಗಳನ್ನು ಬಿಟ್ಟರೆ ಸುಮ್ಮನಿರುತ್ತದೆ. ಎರಡೂ ಒಂದೇ ಅಲ್ಲ ಎನ್ನಲು ಇಷ್ಟು ಸಾಕು.

ಇನ್ನು ಇವೆರಡರ ನಡುವಿನ ಕೆಸರಿನ ಪಟ್ಟಿ. ಮಳೆಗಾಲದಲ್ಲಿ ನಮ್ಮ ಹೊಳೆಗಳು ತರುವ ಕೆಂಪು ನೀರಿನ ಜೇಡಿಕಣಗಳು ಉಪ್ಪುನೀರು ಸೋಕಿದೊಡನೆ ಒಂದಕ್ಕೊಂದು ಅಂಟಿ, ಭಾರವಾಗಿ, ಬೇಗ ತಳ ಸೇರುತ್ತವೆ. ಮುಂಗಾರಿನ ಕರಾವಳಿ ಪ್ರವಾಹ ದಕ್ಷಿಣಕ್ಕೂ ಚಳಿಗಾಲದ್ದು ಉತ್ತರಕ್ಕೂ ಹರಿಯುವುದರಿಂದ ಕದಡಿದ ಕೆಸರು ಹೊರಗಡಲಿಗೆ ಹೋಗುವುದಕ್ಕಿಂತ ದಡಕ್ಕೆ ಸಮಾಂತರವಾಗಿಯೇ ಹೆಚ್ಚು ಓಡಾಡುತ್ತದೆ. ಈ ಪಟ್ಟಿಯಲ್ಲಿ ತೂಕದ ಉಕ್ಕಿನ ಕೊಳವೆಯನ್ನು ತಳಕ್ಕೆ ಬೀಳಿಸಿ ತೆಗೆದ ಮಾದರಿಯನ್ನು ಉದ್ದಕ್ಕೆ ಸೀಳಿ ಮೇಜಿನ ಮೇಲೆ ಇಟ್ಟರೆ ಏರುಕಡಲಿನ ಕಥೆ ತಲೆಕೆಳಗಾಗಿ ಕಾಣುತ್ತದೆ. ಮೇಲುಗಡೆ ಬೆರಳು ಒತ್ತಿದರೆ ಹೂತುಹೋಗುವ, ಕೊಳೆತ ಮೊಟ್ಟೆಯ ವಾಸನೆಯ ಹಸಿರುಬೂದು ಕೆಸರು. ಕೆಳಕ್ಕೆ ಹೋದಂತೆ ಅದು ಗಟ್ಟಿಯಾಗುತ್ತದೆ. ನಂತರ ಥಟ್ಟನೆ ಒಂದು ಗೇಣಿನಷ್ಟು ಚಿಪ್ಪು ಮತ್ತು ದಪ್ಪ ಮರಳು: ಅಲೆಯ ಸಾಲು ಹಾದುಹೋದ ಗುರುತು. ಅದರ ಕೆಳಗೆ ಅದೃಷ್ಟವಿದ್ದರೆ ಕಪ್ಪು ಜೇಡಿ, ಅದರಲ್ಲಿ ಎಳೆ ಬಿಡಿಸಬಹುದಾದ ಮರದ ತುಂಡು, ಅಳಿವೆಯಂಚಿನ ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬೇರು. ಕಾರವಾರದ ಎದುರಿನ ಕಡಲಿನಲ್ಲಿ ಹೀಗೆ ಸಿಕ್ಕ ಇದ್ದಿಲಿನಂಥ ಮರದ ತುಂಡುಗಳ ವಯಸ್ಸು ಒಂಬತ್ತು ಸಾವಿರ ವರ್ಷಗಳ ಆಸುಪಾಸಿನದು. ಮುಳುಗಿದ ಆ ಸಸ್ಯರಾಶಿ ಇಂದಿಗೂ ಕೊಳೆಯುತ್ತಿದೆ. ಗೋವಾ ಮತ್ತು ಕರ್ನಾಟಕದ ಎದುರಿನ ಕೆಸರಿನಲ್ಲಿ ಅಲ್ಲಲ್ಲಿ ಮೀಥೇನ್ ಅನಿಲ ತುಂಬಿಕೊಂಡಿರುವುದರಿಂದ, ತಳದೊಳಗಿನ ಪದರ ನೋಡಲು ಕಳಿಸಿದ ಧ್ವನಿ ಅಲ್ಲೇ ಹೀರಿಹೋಗಿ ಪರದೆ ಮಸುಕಾಗುತ್ತದೆ.

ಈಗ ಹಿರಿಯರ ಮಾತಿಗೆ ಬರೋಣ. ನೆಲ ಕುಸಿದು ಕಡಲು ಒಳಗೆ ಬಂತೇ ಎಂದರೆ, ನಮ್ಮ ಕರಾವಳಿಯ ಮಟ್ಟಿಗೆ ಮುಖ್ಯ ಕಾರಣ ಅದಲ್ಲ. ನೀರು ಏರಿದ್ದೇ ಕಾರಣ. ಆದರೆ ಕಡಲು ನೆಲ ಬಿಟ್ಟುಕೊಟ್ಟಿತು ಎಂಬ ಐತಿಹ್ಯದ ಮಾತನ್ನು ಪೂರ್ತಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಏಳು ಸಾವಿರ ವರ್ಷಗಳ ಹಿಂದೆ ಏರಿಕೆ ನಿಧಾನವಾದ ಮೇಲೆ ನದಿಗಳು ತಮ್ಮ ಅಳಿವೆಗಳನ್ನು ತುಂಬತೊಡಗಿದವು, ಮಿಕ್ಕ ಮರಳು ದಡಕ್ಕೆ ದಕ್ಕಿತು, ಅಲೆಗಳು ಅದನ್ನು ಹೊಳೆಬಾಯಿಗಳ ಅಡ್ಡಕ್ಕೆ ಉದ್ದನೆಯ ಪಟ್ಟಿಗಳಾಗಿ ಜೋಡಿಸಿದವು. ಮಲ್ಪೆಯ ಪಡುಕೆರೆ, ಕೋಡಿ ಬೆಂಗ್ರೆ, ಸೌಪರ್ಣಿಕಾ ಮತ್ತು ಕಡಲಿನ ನಡುವೆ ಹೆದ್ದಾರಿ ಹೋಗುವ ಮರವಂತೆ, ಎಲ್ಲವೂ ಈ ಬಗೆಯ ನೆಲ. ನಿಮ್ಮ ಮನೆ ಇರುವ ಪಟ್ಟಿಯೂ ಹೀಗೆ ಆದದ್ದೇ. ಭೂವಿಜ್ಞಾನದ ಲೆಕ್ಕದಲ್ಲಿ ಅದು ಎಳೆಯ ನೆಲ, ಮತ್ತು ಕಡಲು ನಿಧಾನವಾಗಿದ್ದ ಕಾಲದ ಸೃಷ್ಟಿ.

ನನ್ನ ಮುಖ್ಯ ಮಾತು ಇದೇ. ಕಡಲು ಏರುತ್ತದೆಯೇ ಇಲ್ಲವೇ ಎಂಬುದಷ್ಟೇ ದಡದ ಹಣೆಬರಹವನ್ನು ನಿರ್ಧರಿಸುವುದಿಲ್ಲ. ಏರುವ ವೇಗಕ್ಕೂ ಮರಳು ಬರುವ ವೇಗಕ್ಕೂ ನಡುವಿನ ಪೈಪೋಟಿ ನಿರ್ಧರಿಸುತ್ತದೆ. ಮರಳು ಸಾಕಷ್ಟಿದ್ದರೆ ದಡ ನಿಲ್ಲುತ್ತದೆ ಅಥವಾ ಮುಂದಕ್ಕೂ ಬೆಳೆಯುತ್ತದೆ. ಏರಿಕೆ ತುಸು ಮೇಲುಗೈ ಪಡೆದರೆ ಮರಳುಪಟ್ಟಿ ಅಲೆ ಉಕ್ಕಿದಾಗಲೆಲ್ಲ ತನ್ನ ಮುಂಭಾಗದ ಮರಳನ್ನು ಹಿಂಭಾಗದ ಹೊಳೆಯ ಕಡೆಗೆ ಎಸೆಯುತ್ತ, ಉರುಳಿ ಉರುಳಿ ಹಿಂದೆ ಸರಿಯುತ್ತದೆ. ಜಾಗ ಬದಲಾದರೂ ಪಟ್ಟಿ ಉಳಿಯುತ್ತದೆ. ಏರಿಕೆ ತೀರ ವೇಗವಾದರೆ ಪಟ್ಟಿ ಇದ್ದಲ್ಲೇ ಮುಳುಗಿ, ಅದರ ಮರಳು ತಳದಲ್ಲಿ ಉಳಿದು, ಅಲೆಯ ಸಾಲು ಅದನ್ನು ದಾಟಿ ಮುಂದೆ ಹೋಗುತ್ತದೆ. ಹೊರಅಂಚಿನಲ್ಲಿ ಬಲೆ ಹರಿಯುವ ಕಲ್ಲುಸಾಲುಗಳಲ್ಲಿ ಕೆಲವು ಹೀಗೆ ಮುಳುಗಿ ಗಟ್ಟಿಯಾದ ಹಳೆಯ ದಡಗಳು, ಕೆಲವು ಹವಳ ಮತ್ತು ಸುಣ್ಣದ ಪಾಚಿ ಕಟ್ಟಿದ ದಿಬ್ಬಗಳು.

ವೇಗಗಳನ್ನು ಹೋಲಿಸಿ ನೋಡೋಣ. ಹಿಮಯುಗದ ನಂತರ 14,000 ವರ್ಷಗಳಲ್ಲಿ 120 ಮೀಟರ್ ಎಂದರೆ ಸರಾಸರಿ ವರ್ಷಕ್ಕೆ ಎಂಟೊಂಬತ್ತು ಮಿ.ಮೀ. ಖಂಡಾವರಣದ ತಳ ಸ್ಥೂಲವಾಗಿ 800 ಮೀಟರಿಗೆ ಒಂದು ಮೀಟರಿನಂತೆ ಇಳಿಯುತ್ತದೆ ಎಂದುಕೊಂಡರೆ, ವರ್ಷಕ್ಕೆ ಒಂದು ಸೆಂ.ಮೀ. ಏರಿಕೆಗೂ ದಡ ಎಂಟು ಮೀಟರ್ ಹಿಂದೆ ಸರಿಯಬೇಕಾಗುತ್ತದೆ. ಇಂದಿನ ಸ್ಥಿತಿ ಹಾಗಿಲ್ಲ. 1901ರಿಂದ 2018ರವರೆಗೆ ಜಾಗತಿಕ ಸಮುದ್ರಮಟ್ಟ ಒಟ್ಟು ಸುಮಾರು 20 ಸೆಂ.ಮೀ. ಏರಿದೆ, 2006ರಿಂದ 2018ರ ನಡುವಿನ ವೇಗ ವರ್ಷಕ್ಕೆ 3.7 ಮಿ.ಮೀ. ಇಷ್ಟು ಏರಿಕೆಗೆ, ಮರಳಿನ ದಡಗಳಿಗೆ ಸಾಮಾನ್ಯವಾಗಿ ಬಳಸುವ ಒರಟು ಲೆಕ್ಕದಲ್ಲಿ, ದಡ ವರ್ಷಕ್ಕೆ ಇಪ್ಪತ್ತರಿಂದ ನಲವತ್ತು ಸೆಂ.ಮೀ. ಹಿಂದೆ ಹೋಗಬಹುದು. ಒಂದೇ ಮಳೆಗಾಲದಲ್ಲಿ ಹಲವು ಮೀಟರ್ ದಡ, ತೆಂಗಿನ ಮರ ಸಮೇತ ಹೋಯಿತೆಂದರೆ ಆ ಕಡಲ್ಕೊರೆತದ ಬಹುಭಾಗವನ್ನು ಸಮುದ್ರಮಟ್ಟದ ಲೆಕ್ಕಕ್ಕೆ ಬರೆಯಲಾಗದು. ಹವಾಮಾನ ಬದಲಾವಣೆಯ ಹೆಸರಿನಲ್ಲಿ ಊರಿನ ತಪ್ಪು, ಇಲಾಖೆಗಳ ತಪ್ಪು ಎರಡೂ ಸುಲಭವಾಗಿ ಮುಚ್ಚಿಹೋಗುವುದನ್ನು ನಾನು ಕಂಡಿದ್ದೇನೆ.

ಹಾಗಾದರೆ ಮರಳು ಎಲ್ಲಿ ಹೋಗುತ್ತಿದೆ? ಜೂನ್‌ನಿಂದ ಸೆಪ್ಟೆಂಬರ್ ತನಕ ಎತ್ತರದ, ಕಡಿದಾದ ಅಲೆಗಳು ದಡದ ಮರಳನ್ನು ಎಳೆದು ಎದುರಿನ ಆಳವಿಲ್ಲದ ನೀರಿನಲ್ಲಿ ದಿಬ್ಬವಾಗಿ ಕೂಡಿಡುತ್ತವೆ. ಅಕ್ಟೋಬರಿನಿಂದ ಮೇ ತನಕ ಸೌಮ್ಯವಾದ ಅಲೆಗಳು ಅದನ್ನು ಮೆಲ್ಲಗೆ ವಾಪಸು ತರುತ್ತವೆ. ಇದು ಪ್ರತಿವರ್ಷದ ಓಡಾಟ. ಕೂಡಿಟ್ಟ ದಿಬ್ಬ ದಡಕ್ಕೆ ರಕ್ಷಣೆಯೂ ಹೌದು, ಏಕೆಂದರೆ ದೊಡ್ಡ ಅಲೆ ಅಲ್ಲೇ ಒಡೆಯುತ್ತದೆ. ಹೋದದ್ದಕ್ಕಿಂತ ವಾಪಸು ಬಂದದ್ದು ಕಡಿಮೆಯಾದಾಗ ಮಾತ್ರ ಕೊರೆತ ಶಾಶ್ವತವಾಗುತ್ತದೆ, ಮತ್ತು ಅದಕ್ಕೆ ಕಾರಣಗಳು ಹೆಚ್ಚಾಗಿ ನೆಲದ ಮೇಲೆಯೇ ಇವೆ: ಶರಾವತಿ, ಕಾಳಿಯಂಥ ನದಿಗಳ ಅಣೆಕಟ್ಟುಗಳಲ್ಲಿ ನಿಂತ ಮೆಕ್ಕಲು, ಹೊಳೆಗಳಿಂದ ಕಟ್ಟಡಗಳಿಗೆ ಹೋದ ಮರಳು, ಅಳಿವೆಬಾಗಿಲಿನಲ್ಲಿ ದೋಣಿಗಳಿಗಾಗಿ ಕಟ್ಟಿದ ಅಲೆತಡೆಗೋಡೆಗಳು ಒಂದು ಬದಿಯಲ್ಲಿ ತಡೆದಿಟ್ಟ ಮರಳು, ಹೂಳೆತ್ತಿ ಆಳಕಡಲಿಗೆ ಸುರಿದ ಮರಳು.

ಇಷ್ಟು ಹೇಳಿದ್ದರಿಂದ ಸಮುದ್ರಮಟ್ಟದ ಏರಿಕೆಯನ್ನು ಲೆಕ್ಕಿಸಬೇಕಾಗಿಲ್ಲ ಎಂದು ದಯವಿಟ್ಟು ತಿಳಿಯಬೇಡಿ. ಹಸಿರುಮನೆ ಅನಿಲಗಳ ಹೊರಸೂಸುವಿಕೆ ತೀರ ಹೆಚ್ಚಾದರೆ ಈ ಶತಮಾನದ ಕೊನೆಗೆ ಏರಿಕೆಯ ವೇಗ ವರ್ಷಕ್ಕೆ 10 ಮಿ.ಮೀ. ದಾಟಬಹುದೆಂದು ಅಂದಾಜಿದೆ. ಅದು ಹಿಮ ಕರಗಿದ ಕಾಲದ ಸರಾಸರಿಗಿಂತಲೂ ಹೆಚ್ಚು, ಮತ್ತು ಆ ವೇಗದಲ್ಲಿ ದಡ ಇದ್ದಲ್ಲೇ ನಿಂತ ಪುರಾವೆ ನಮ್ಮ ಖಂಡಾವರಣದಲ್ಲಿ ಇಲ್ಲ. ಜೊತೆಗೆ ಅಳಿವೆಗಳು ಆಳವಾದಂತೆ ನದಿಯ ಮರಳನ್ನೂ, ಭರತದೊಂದಿಗೆ ಒಳಬರುವ ದಡದ ಮರಳನ್ನೂ ಅವು ಮತ್ತೆ ನುಂಗತೊಡಗುತ್ತವೆ. ದಡಕ್ಕೆ ಹೆಚ್ಚು ಮರಳು ಬೇಕಾದ ಹೊತ್ತಿಗೇ ಪೂರೈಕೆ ಇಳಿಯುತ್ತದೆ. ಅಣೆಕಟ್ಟಿಲ್ಲದ ಅಘನಾಶಿನಿಯಂಥ ನದಿಗಳನ್ನು ಹಾಗೆಯೇ ಉಳಿಸಿಕೊಳ್ಳುವುದು ಕುಮಟಾದ ಗಜನಿ ಗದ್ದೆಗಳಿಗೆ, ಅಂದರೆ ಅಳಿವೆಯಂಚಿನ ಉಪ್ಪುನೀರಿನ ಭತ್ತದ ಗದ್ದೆಗಳಿಗೆ ಮಾತ್ರವಲ್ಲ, ಅಕ್ಕಪಕ್ಕದ ಕಡಲತಡಿಗೂ ಸಂಬಂಧಿಸಿದ ವಿಷಯ.

ಏರಿದ ಕಡಲು ಹೊರಅಂಚಿನ ಮರಳನ್ನು ದೂಡಿ ತರಬಹುದು ಎಂಬ ಆಸೆಗೆ ಆಧಾರವಿಲ್ಲ. ದೊಡ್ಡ ಮುಂಗಾರು ಅಲೆಗಳು 70 ಮೀಟರ್ ಆಳದಲ್ಲೂ ಸಣ್ಣ ಮರಳನ್ನು ಅಲುಗಾಡಿಸಬಲ್ಲವು. ಆದರೆ ಅಲುಗಾಡಿಸುವುದು ಬೇರೆ, ಹತ್ತಾರು ಕಿ.ಮೀ. ಕೆಸರಿನ ಪಟ್ಟಿ ದಾಟಿಸಿ ದಡಕ್ಕೆ ಮುಟ್ಟಿಸುವುದು ಬೇರೆ. ನೀರು ಇನ್ನಷ್ಟು ಆಳವಾದರೆ ಆ ಅಲುಗಾಟವೂ ತಗ್ಗುತ್ತದೆ.

ಡ್ರೆಜ್ಜರ್‌ನಿಂದ ತರುವ ಮಾತು ತಾಂತ್ರಿಕವಾಗಿ ಅಸಾಧ್ಯವಲ್ಲ, ಆದರೆ ನಿಮ್ಮ ಊರಿಗೆ ನಾನು ಸಲಹೆ ಮಾಡಲಾರೆ. ದೂರ ಮತ್ತು ಆಳದಿಂದಾಗಿ ಖರ್ಚು ವಿಪರೀತ. ಸುಣ್ಣದ ಮರಳು ಬೆಣಚು ಮರಳಿಗಿಂತ ಬೇಗ ಸವೆಯುತ್ತದೆ. ಆ ಕಲ್ಲು-ಚಿಪ್ಪಿನ ತಳ ಮೀನುಗಳ ನೆಲೆಯಾಗಿದ್ದು, ಅದನ್ನು ಹೀರಿ ತೆಗೆದರೆ ನಷ್ಟ ನಿಮ್ಮ ಅಣ್ಣನಂಥವರಿಗೇ. ಮತ್ತೆ ಅದು ತುಂಬುವ ನಿಕ್ಷೇಪವಲ್ಲ. ಅದನ್ನು ಮಾಡಿದ ಕಡಲು ಈಗ ಅಲ್ಲಿಲ್ಲ. ಕೆಸರಿನಡಿಯ ಹಳೆಯ ನದಿಪಾತ್ರಗಳಲ್ಲಿ ದಡಕ್ಕೆ ಹೊಂದುವ ಬೆಣಚು ಮರಳು ಇರಬಹುದು, ಆದರೆ ಮೇಲಿನ ಕೆಸರನ್ನು ಕದಡದೆ ಅದನ್ನು ತೆಗೆಯಲಾಗದು. ಕಡಲತಳದ ಖನಿಜ ಕೇಂದ್ರ ಸರ್ಕಾರದ ಅಧಿಕಾರಕ್ಕೆ ಸೇರಿದ ವಿಷಯ. 2024ರ ನವೆಂಬರಿನಲ್ಲಿ ಹರಾಜಿಗೆ ಇಟ್ಟ ಹದಿಮೂರು ಸಾಗರ ಖನಿಜ ಬ್ಲಾಕುಗಳಲ್ಲಿ ಮೂರು ಕೇರಳದ ಎದುರಿನ ಕಟ್ಟಡ ಮರಳಿನವು, ಮತ್ತು ಕೊಲ್ಲಂನ ಮೀನುಗಾರರು ಅದನ್ನು ಬಲವಾಗಿ ವಿರೋಧಿಸಿದ್ದಾರೆ. ಅವರ ಆತಂಕ ಅತಿಯಾದದ್ದು ಎಂದು ನನಗೆ ಅನ್ನಿಸುವುದಿಲ್ಲ. ದಡಕ್ಕೆ ಸಮೀಪದ, ಹತ್ತು ಮೀಟರಿಗಿಂತ ಕಡಿಮೆ ಆಳದ ಮರಳನ್ನು ತೆಗೆಯುವ ಪ್ರಸ್ತಾವವನ್ನಂತೂ ಯಾರು ತಂದರೂ ಒಪ್ಪಬೇಡಿ. ಅದು ನಿಮ್ಮದೇ ದಡ ಮಳೆಗಾಲಕ್ಕೆ ಹೊರಗಿಟ್ಟ ಭಾಗ.

ಕಲ್ಲಿನ ಗೋಡೆಯ ವಿಷಯದಲ್ಲಿ ಪ್ರಾಮಾಣಿಕವಾಗಿ ಹೇಳಬೇಕಾದದ್ದೆಂದರೆ, ಅದು ರಸ್ತೆ, ಮನೆಗಳನ್ನು ಕೆಲವು ವರ್ಷ ಉಳಿಸಬಲ್ಲದು, ದಡವನ್ನು ಉಳಿಸಲಾರದು. ಗೋಡೆಗೆ ಬಡಿದು ಹಿಂದಿರುಗುವ ಅಲೆ ಎದುರಿನ ಮರಳನ್ನು ಇನ್ನಷ್ಟು ಕೊರೆಯುತ್ತದೆ, ಕಲ್ಲುಗಳು ಕ್ರಮೇಣ ಹೂತು ಪ್ರತಿ ಕೆಲವು ವರ್ಷಕ್ಕೆ ಹೊಸ ಕಲ್ಲು ಬೇಕಾಗುತ್ತದೆ, ಗೋಡೆ ಮುಗಿಯುವಲ್ಲಿ ಪಕ್ಕದ ಊರಿನ ಕೊರೆತ ಜೋರಾಗುತ್ತದೆ. ನಿಮ್ಮಂಥ ಪಟ್ಟಿಯ ಮೇಲೆ ಇನ್ನೊಂದು ತೊಂದರೆಯೂ ಇದೆ. ಉಕ್ಕಿದ ಅಲೆ ಮರಳನ್ನು ಹಿಂದಕ್ಕೆ ಎಸೆದು ಪಟ್ಟಿಯನ್ನು ಎತ್ತರಿಸುವ ಸಹಜ ಕ್ರಿಯೆಯನ್ನೇ ಗೋಡೆ ತಡೆಯುತ್ತದೆ. ಕಡಲು ಏರುತ್ತಿರುವಾಗ ಪಟ್ಟಿ ತಗ್ಗಿನಲ್ಲೇ ಉಳಿಯುತ್ತದೆ. ಉಳ್ಳಾಲದಲ್ಲಿ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್ ನೆರವಿನ ಯೋಜನೆಯಡಿ ದಡದಿಂದ ದೂರದಲ್ಲಿ ಮುಳುಗಿದ ತಡೆದಿಬ್ಬಗಳನ್ನು ನಿರ್ಮಿಸಿ ಅಲೆಯ ಬಲವನ್ನು ಮೊದಲೇ ತಗ್ಗಿಸುವ ದಾರಿ ಹಿಡಿದರು. ಗೋಡೆಗಿಂತ ಅದು ವಿವೇಕದ ವಿನ್ಯಾಸ, ಆದರೆ ಬಹಳ ದುಬಾರಿ. ಒಂದೆಡೆ ಅಲೆ ತಗ್ಗಿದರೆ ಪಕ್ಕದಲ್ಲಿ ಏನಾಗುತ್ತದೆ ಎಂಬುದನ್ನು ವರ್ಷಗಟ್ಟಲೆ ಗಮನಿಸಬೇಕಾಗುತ್ತದೆ.

ನನ್ನ ಒಲವು ಅಳಿವೆಬಾಗಿಲಿನ ಮರಳಿನ ಕಡೆಗಿದೆ. ದೋಣಿಗಳ ಹಾದಿಗಾಗಿ ಹೇಗೂ ಹೂಳೆತ್ತಲೇಬೇಕು. ಆ ಮರಳು ನಿಮ್ಮ ದಡಕ್ಕೆ ಕಣದ ಗಾತ್ರದಲ್ಲಿಯೂ ಗುಣದಲ್ಲಿಯೂ ಬಹುತೇಕ ಹೊಂದುತ್ತದೆ, ದೂರವೂ ಕಡಿಮೆ. ಅದು ಹೆಚ್ಚಾಗಿ ಆಳಕಡಲಿಗೆ ಹೋಗುತ್ತದೆ ಅಥವಾ ಲಾರಿಗಳಲ್ಲಿ ಊರಾಚೆ ಹೋಗುತ್ತದೆ. ಅದನ್ನು ಮಳೆಗಾಲ ಮುಗಿದ ಮೇಲೆ ಕೊರೆತದ ದಡದ ಎದುರು ಸುರಿದರೆ ಮುಂದಿನ ಎಂಟು ತಿಂಗಳ ಅಲೆಗಳೇ ಅದನ್ನು ಹಂಚುತ್ತವೆ. ಅಪಾಯಗಳೂ ಇವೆ: ಬಂದರಿನ ಒಳಗಿನ ಹೂಳಿನಲ್ಲಿ ಎಣ್ಣೆ, ಲೋಹದ ಕಶ್ಮಲ ಇರಬಹುದಾದ್ದರಿಂದ ಪರೀಕ್ಷೆ ಆಗಲೇಬೇಕು, ಕೆಸರು ಹೆಚ್ಚಿದ್ದರೆ ಮೊದಲ ಅಲೆಗೇ ತೊಳೆದುಹೋಗುತ್ತದೆ, ಒಂದು ಸಲ ಹಾಕಿ ಮರೆಯುವ ಕೆಲಸವಲ್ಲ, ಪ್ರತಿ ಒಂದೆರಡು ವರ್ಷಕ್ಕೆ ಮಾಡಬೇಕು. ಇದರ ಜೊತೆಗೆ ಪಟ್ಟಿಯ ಕಡಲಬದಿಯಲ್ಲಿ ಹೊಸ ಮನೆ, ರೆಸಾರ್ಟ್ ಕಟ್ಟದೆ ಜಾಗ ಬಿಡುವುದು, ಬಂಗುಡೆಬಳ್ಳಿ ಹಬ್ಬಿದ ಮರಳುದಿಬ್ಬಗಳನ್ನು ಸಮತಟ್ಟು ಮಾಡದಿರುವುದು ಖರ್ಚಿಲ್ಲದ ಕೆಲಸಗಳು. ದೀರ್ಘಕಾಲದಲ್ಲಿ ಕೆಲವು ಮನೆಗಳು ಹೊಳೆಯ ಆಚೆ ದಡಕ್ಕೆ ಹೋಗಬೇಕಾಗಬಹುದು. ಇದು ಕೇಳಲು ಕಹಿ, ಮತ್ತು ಪರಿಹಾರ, ಬದಲಿ ಜಾಗ, ದೋಣಿ ಕಟ್ಟುವ ನೆಲೆ ಇಲ್ಲದೆ ಯಾರೂ ಅದನ್ನು ನಿಮಗೆ ಹೇಳಬಾರದು.

ಸಹಿಯ ವಿಷಯ. ಕೊರೆತ ರಸ್ತೆಗೆ ಅಥವಾ ಮನೆಯ ಅಡಿಪಾಯಕ್ಕೆ ಹತ್ತು ಮೀಟರಿನೊಳಗೆ ಬಂದಿದ್ದರೆ ತುರ್ತು ಕಲ್ಲಿಗೆ ಸಹಿ ಹಾಕಿ. ಆದರೆ ಮನವಿಯಲ್ಲಿ ಗೋಡೆಯ ಉದ್ದ ಆ ತುಂಡಿಗೆ ಮಾತ್ರ ಸೀಮಿತವಾಗಿರಲಿ, ಅಳಿವೆಯಲ್ಲಿ ಎತ್ತಿದ ಮರಳನ್ನು ನಿಮ್ಮ ದಡಕ್ಕೇ ಹಾಕಬೇಕೆಂಬ ಬೇಡಿಕೆಯನ್ನು ಪ್ರತ್ಯೇಕವಾಗಿ ಬರೆಸಿ. ಇಡೀ ಊರಿನುದ್ದಕ್ಕೂ ಗೋಡೆ ಕೇಳಿದ್ದರೆ, ನಾನಾದರೆ ಸಹಿ ಹಾಕುವುದಿಲ್ಲ. ಯಾವುದಕ್ಕೂ ಮೊದಲು ಮೇ ಕೊನೆಯಲ್ಲಿ ಮತ್ತು ಅಕ್ಟೋಬರ್ ಕೊನೆಯಲ್ಲಿ, ಕದಲದ ಒಂದು ಗುರುತಿನಿಂದ, ಉದಾಹರಣೆಗೆ ಶಾಲೆಯ ಕಟ್ಟೆಯಿಂದ, ಇಳಿತದ ಹೊತ್ತಿನ ನೀರಂಚಿನವರೆಗೆ ಟೇಪು ಹಿಡಿದು ಅಳೆದು ದಿನಾಂಕ, ಗಂಟೆ ಸಮೇತ ಬರೆದಿಡಿ. ಮೂರ್ನಾಲ್ಕು ವರ್ಷದ ಅಂಥ ಪಟ್ಟಿ ಎಂಜಿನಿಯರರ ಮುಂದೆ ಯಾವ ಮನವಿಗಿಂತಲೂ ಹೆಚ್ಚು ತೂಗುತ್ತದೆ. ನಿಮ್ಮ ಅಣ್ಣನಿಗೆ ಇನ್ನೊಂದು ಮಾತು ತಿಳಿಸಿ: ಆಳದಿಂದ ಬಂದ ಕಲ್ಲು, ಹವಳ, ಮರದ ತುಂಡುಗಳನ್ನು ಕಡಲಿಗೆ ಎಸೆಯುವ ಮೊದಲು ಒಂದೊಂದು ಚೂರನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಜಿಪಿಎಸ್ ತೋರಿಸಿದ ಜಾಗ ಮತ್ತು ಆಳವನ್ನು ಚೀಟಿಯಲ್ಲಿ ಬರೆದು ಒಳಗಿಡಲಿ. ಮರದ ತುಂಡಾದರೆ ಒಣಗಿಸದೆ ಒದ್ದೆಯಾಗಿಯೇ ಇಡಬೇಕು. ಮಂಗಳೂರಿನಲ್ಲಿರುವ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಸಾಗರ ವಿಭಾಗಕ್ಕೆ ಅಥವಾ ಮಂಗಳೂರು ವಿಶ್ವವಿದ್ಯಾನಿಲಯದ ಸಾಗರ ಭೂವಿಜ್ಞಾನದ ಅಧ್ಯಾಪಕರಿಗೆ ಅದನ್ನು ತಲುಪಿಸಬಹುದು.